ನೆಲ ಡೊಂಕಿರಲಿ, ಅಡಿಗಲ್ಲು ಅಲುಗಬಾರದು

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆಯನ್ನು ನಾವು ಕೆಲಸಗಳ್ಳರಿಗೆ ಅಂತಲೇ ಮೀಸಲಿಟ್ಟಿದ್ದೇವೆ. ಆದರೆ ಅಡಿಗಲ್ಲಿನ ವಿಚಾರಕ್ಕೆ ಬಂದರೆ ನೆಲ ನಿಜವಾಗಿಯೂ ಡೊಂಕು. ರೈತನ ಮನೆಯಲ್ಲಿ ಮಟ್ಟದ ನೆಲ ಅಂತ ಇರೋದು ನಡುಮನೆಯಲ್ಲಿ ಮಾತ್ರ, ಅಲ್ಲಿ ಯಾರೂ ಸುತ್ತಿಗೆ ಹೊಡೆಯೋಕೆ ಬಿಡಲ್ಲ. ಕೊಟ್ಟಿಗೆ ನೆಲ ಗಂಜಲ ಹರಿಯಲಿ ಅಂತ ಇಳಿಜಾರು. ಅಂಗಳದ ಚಪ್ಪಡಿ ಒಂದು ಮೇಲೆ, ಒಂದು ಕೆಳಗೆ. ಶೆಡ್ಡಿನ ಕಾಂಕ್ರೀಟು ಟ್ರ್ಯಾಕ್ಟರ್ ಓಡಾಡಿ ಒಡೆದಿರುತ್ತೆ. ಕಣ ಮಳೆಗಾಲದಲ್ಲಿ ಮೆತ್ತಗೆ, ಬೇಸಿಗೆಯಲ್ಲಿ ಬಿರುಕು. ಇಂಥ ನೆಲದ ಮೇಲೆ ನಾಲ್ಕು ಕಾಲಿನ ಟೇಬಲ್ ಮಾಡಿಸಿ, ಅದರ ಮೇಲೆ ಅಡಿಗಲ್ಲು ಕೂರಿಸಿ, ಒಂದು ಕಾಲಿನ ಕೆಳಗೆ ಮರದ ಚಕ್ಕೆ ತುರುಕಿ ಕೆಲಸ ಶುರು ಮಾಡ್ತೀವಿ. ಹತ್ತು ಏಟಿಗೆ ಚಕ್ಕೆ ಈಚೆಗೆ ಬರುತ್ತೆ. ಮತ್ತೆ ತುರುಕ್ತೀವಿ.

ನನ್ನ ಅಭಿಪ್ರಾಯ ನೇರವಾಗಿದೆ. ನೆಲ ಸರಿ ಮಾಡೋಕೆ ಹೋಗಬೇಡಿ, ಅದು ಆಗೋ ಕೆಲಸ ಅಲ್ಲ. ದುಬಾರಿ ಅಡಿಗಲ್ಲು ತರೋಕೂ ಹೋಗಬೇಡಿ, ಈಗಿರೋದೇ ಸಾಕು. ಅದರ ಕಾಲು ಸರಿ ಮಾಡಿ. ಕಾಲು ಮೂರೇ ಇರಲಿ. ಮತ್ತೆ ಅಂಥದ್ದೊಂದು ಮನೆಮನೆಗೂ ಬೇಡ, ನಾಲ್ಕಾರು ಮನೆಗೆ ಒಂದು, ಹೋಬಳಿಯ ಬಾಡಿಗೆ ಯಂತ್ರಗಳ ಕೇಂದ್ರಕ್ಕೆ ಒಂದು ಇದ್ದರೆ ಸಾಕು.

ರೈತನಿಗೆ ಅಡಿಗಲ್ಲು ಯಾಕೆ?

"ಈಗ ಅಂಗಡೀಲಿ ಕುಡುಗೋಲು ಸಿಗುತ್ತಲ್ಲ ಸಾರ್, ಮೊಂಡಾದ್ರೆ ಇನ್ನೊಂದು ತರೋದು" ಅಂತ ಹುಡುಗರು ಹೇಳ್ತಾರೆ. ತರಬಹುದು, ನಿಜ. ಆದರೆ ರಾಗಿ ಕೊಯ್ಲಿನ ಹೊತ್ತಿಗೆ ನಮ್ಮ ಹೊಲಗಳಲ್ಲಿ ಏನಾಗುತ್ತೆ ನೋಡಿ. ಹೊಸದು ತರೋಕೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ. ಇರೋ ಮೊಂಡು ಕುಡುಗೋಲಲ್ಲೇ ಕೆಲಸ ಸಾಗುತ್ತೆ. ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಹರಿತ ಇಲ್ಲದ ಕುಡುಗೋಲು ಕೊಯ್ಯಲ್ಲ, ಎಳೆಯುತ್ತೆ. ಸಂಜೆಗೆ ಮಣಿಕಟ್ಟು ಊದಿಕೊಂಡಿರುತ್ತೆ, ತಾಳು ಬೇರುಸಮೇತ ಕಿತ್ತು ಬಂದಿರುತ್ತೆ, ತೆನೆಯಲ್ಲಿ ಮಣ್ಣು ಸೇರಿರುತ್ತೆ. ಸುತ್ತಿಗೆ ಹೊಡೆಯೋ ಗಂಡಸರ ಸೋಮಾರಿತನಕ್ಕೆ ದಂಡ ಕಟ್ಟೋರು ಕೊಯ್ಯೋ ಹೆಂಗಸರು. ಈ ಮಾತನ್ನ ನಾವು ಒಪ್ಪಿಕೊಳ್ಳಲೇಬೇಕು.

ಕುಡುಗೋಲು ಒಂದೇ ಅಲ್ಲ. ಹಾರೆಯ ಮೊನೆ ಮೊಂಡಾಗಿರುತ್ತೆ. ಕಲ್ಟಿವೇಟರಿನ ಹಲ್ಲು ಕಲ್ಲಿಗೆ ಸಿಕ್ಕಿ ಬಾಗಿರುತ್ತೆ. ಕುಂಟೆಯ ಕುಡ ಸವೆದಿರುತ್ತೆ. ಗುದ್ದಲಿ ಬಾಯಿ ಮಡಚಿರುತ್ತೆ. ಕೊಂಡಿ, ಪಿನ್ನು, ಚೈನಿನ ರಿವೆಟ್ಟು ಅಂತ ಹತ್ತು ಸಣ್ಣ ಕೆಲಸ. ಇವಕ್ಕೆಲ್ಲ ನಾವು ಬಳಸೋದು ಏನು? ಬಾವಿಕಟ್ಟೆ ಕಲ್ಲು, ಒರಳು, ಟ್ರೈಲರಿನ ಕೊಕ್ಕೆ! ಕಲ್ಲಿನ ಮೇಲೆ ಕಬ್ಬಿಣ ಬಡಿದರೆ ಕಲ್ಲು ಚೂರಾಗಿ ಕಣ್ಣಿಗೆ ಹಾರುತ್ತೆ. ಟ್ರೈಲರ್ ಕೊಕ್ಕೆ ಬಡಿದರೆ ಅದೇ ಬಾಗುತ್ತೆ.

ಹೂಳುವ ಕಾಲ ಮುಗಿಯಿತು

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಊರಿನ ಕುಲುಮೆಗೆ ಮಣ್ಣಿನ ನೆಲ. ಅಡಿಗಲ್ಲನ್ನು ಮರದ ಕೊರಡಿಗೆ ಕೂರಿಸಿ, ಕೊರಡನ್ನು ಮಣ್ಣಲ್ಲಿ ಹೂತುಬಿಡುತ್ತಿದ್ದರು. ಕಮ್ಮಾರರು ಕೂತು ಕೆಲಸ ಮಾಡೋರು, ಎದುರಿಗೆ ಇನ್ನೊಬ್ಬ ನಿಂತು ದೊಡ್ಡ ಸುತ್ತಿಗೆ ಬೀಸೋನು. ರೈತ ಸಾಮಾನು ಹೊತ್ತುಕೊಂಡು ಅಲ್ಲಿಗೆ ಹೋಗೋನು, ಸುಗ್ಗಿಯಲ್ಲಿ ಕಣದಲ್ಲೇ ಕಾಳಿನ ರೂಪದಲ್ಲಿ ಆಯ ಕೊಡೋನು. ಊರೂರು ಅಲೆಯೋ ಕಮ್ಮಾರರೂ ಇದ್ದರು. ಉತ್ತರ ಕರ್ನಾಟಕದಲ್ಲಿ ಬೈಲ ಕಮ್ಮಾರರು, ರಾಜಸ್ಥಾನದ ಕಡೆ ಗಾಡಿಯಾ ಲೋಹಾರರು. ಇಂಥವರ ಅಡಿಗಲ್ಲು ಚಿಕ್ಕದು. ನೆಲಕ್ಕೋ ಮರದ ತುಂಡಿಗೋ ನೆಟ್ಟರೆ ರಸ್ತೆಬದಿಯೇ ಕುಲುಮೆ.

ನೆಲಕ್ಕೆ ನೆಡೋದು, ಹೂಳೋದು ಇವತ್ತಿಗೂ ಅತ್ಯುತ್ತಮ. ಅದರಲ್ಲಿ ನನಗೆ ಎರಡು ಮಾತಿಲ್ಲ. ಒಂದೇ ಜಾಗದಲ್ಲಿ ಕೆಲಸ ಮಾಡೋರು, ಮಣ್ಣಿನ ನೆಲ ಇರೋರು ಇದನ್ನು ಓದಿ ಮುಗಿಸೋ ಅಗತ್ಯ ಕೂಡ ಇಲ್ಲ. ಕೊರಡು ಹೂತು, ಸುತ್ತ ಮಣ್ಣು ದಮ್ಮಸ್ಸು ಮಾಡಿ, ನೆಮ್ಮದಿಯಾಗಿರಿ.

ಆದರೆ ಈಗ ಪರಿಸ್ಥಿತಿ ತಿರುವುಮುರುವು. ಎಷ್ಟೋ ಊರುಗಳಲ್ಲಿ ಕುಲುಮೆ ಮುಚ್ಚಿದೆ. ಮೂರ್ನಾಲ್ಕು ಊರಿಗೆ ಒಬ್ಬರು ಕಮ್ಮಾರರು ಉಳಿದಿದ್ದರೆ ಅದೇ ಪುಣ್ಯ. ರೈತ ಅವರ ಬಳಿ ಹೋಗೋ ಬದಲು ಅವರೇ ಬೈಕಲ್ಲಿ ಬರಬೇಕಾಗಿದೆ. ಬಂದರೆ ಎಲ್ಲಿ ಹೂಳೋದು? ಅಂಗಳಕ್ಕೆ ಸಿಮೆಂಟು, ರಸ್ತೆಗೆ ಸಿಮೆಂಟು, ಶೆಡ್ಡಿಗೆ ಸಿಮೆಂಟು. ನಮ್ಮ ಕಡೆ ಬರೋ ಕಮ್ಮಾರರಿಗೆ ಅರವತ್ತು ದಾಟಿದೆ, ಮಂಡಿನೋವು. "ಆಚಾರ್ರೇ, ಈ ಸಲ ನಮ್ಮ ಹಟ್ಟಿಗೇ ಬಂದ್ಬಿಡಿ" ಅಂದ್ರೆ ಅವರು ಹೇಳೋದು ಇಷ್ಟೇ: "ಬತ್ತೀನಿ ಸ್ವಾಮಿ, ಕೂರಕ್ಕಾಗಲ್ಲ. ನಿಂತು ಹೊಡಿಯೋ ಹಂಗೆ ಅಡಿಗಲ್ಲು ಇಟ್ಟಿರಿ. ಅದು ಕುಣೀಬಾರದು ಅಷ್ಟೇಯ." ಅವರು ಕೇಳ್ತಿರೋದು ದುಡ್ಡಲ್ಲ, ಕುಣಿಯದ ಅಡಿಗಲ್ಲು. ಇಷ್ಟನ್ನೂ ನಾವು ಒದಗಿಸದಿದ್ದರೆ ಇನ್ನೈದು ವರ್ಷಕ್ಕೆ ಬರೋರೇ ಇರಲ್ಲ.

ಕುಣಿದರೆ ಏನು ನಷ್ಟ?

ಸುತ್ತಿಗೆಯ ಏಟು ಕಬ್ಬಿಣಕ್ಕೆ ಬೀಳಬೇಕು. ಕೆಳಗಿನ ಅಡಿಗಲ್ಲು ಅಲುಗಿದರೆ ಏಟಿನ ಬಲದಲ್ಲಿ ಒಂದು ಪಾಲು ಅಡಿಗಲ್ಲನ್ನು ಅಲುಗಿಸೋಕೇ ಖರ್ಚಾಗುತ್ತೆ. ಹತ್ತು ಏಟಲ್ಲಿ ಆಗೋ ಕೆಲಸಕ್ಕೆ ಹೆಚ್ಚು ಏಟು ಬೇಕು. ಕಾದ ಕಬ್ಬಿಣ ಅಷ್ಟು ಹೊತ್ತು ಕಾಯಲ್ಲ, ಆರಿಬಿಡುತ್ತೆ. ಮತ್ತೆ ಇದ್ದಿಲು, ಮತ್ತೆ ತಿದಿ.

ಎರಡನೇ ನಷ್ಟ ಇನ್ನೂ ದೊಡ್ಡದು. ಅಲುಗುವ ಅಡಿಗಲ್ಲಿನ ಮೇಲೆ ಏಟು ಒಂದೇ ಸಮ ಬೀಳಲ್ಲ. ಕುಡುಗೋಲಿನ ಬಾಯಿ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ ಆಗುತ್ತೆ, ತೆಳ್ಳಗಾದ ಕಡೆ ಸೀಳು ಬಿಡುತ್ತೆ. ಏಟು ಜಾರಿದರೆ ಇಕ್ಕಳ ಹಿಡಿದ ಕೈ ಹತ್ತಿರವೇ ಇರುತ್ತೆ. ಅಡಿಗಲ್ಲೇ ಉರುಳಿತು ಅಂದರೆ ಕೆಳಗಿರೋದು ಪಾದ. 15-20 ಕೆಜಿ ಉಕ್ಕು ಎರಡಡಿ ಮೇಲಿಂದ ಬಿದ್ದರೆ ಏನಾಗುತ್ತೆ ಅಂತ ವಿವರಿಸಬೇಕಾಗಿಲ್ಲ.

ಮೂರೇ ಯಾಕೆ?

ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಹೊಲದಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡ್ತಿದ್ದರೇ ಹೊರತು ನಾಲ್ಕು ಇಡುತ್ತಿರಲಿಲ್ಲ. ಮೂರು ಗುಂಡಿನ ಮೇಲೆ ಯಾವ ಮಡಕೆ ಇಟ್ಟರೂ ಕೂರುತ್ತೆ, ನೆಲ ಎಂಥದ್ದೇ ಇರಲಿ. ನಾಲ್ಕನೆಯ ಕಲ್ಲು ಇಟ್ಟರೆ ಮಡಕೆ ಮೂರರ ಮೇಲೆ ಕೂತು ನಾಲ್ಕನೆಯದು ಸುಮ್ಮನೆ ನೋಡ್ತಿರುತ್ತೆ, ಅಥವಾ ಮಡಕೆ ಆಚೀಚೆ ತೂಗುತ್ತೆ. ಲೆಕ್ಕ ಇಷ್ಟೇ: ಯಾವುದೇ ಮೂರು ಬಿಂದುಗಳು ಒಂದೇ ಸಮತಲದಲ್ಲಿರುತ್ತವೆ, ನಾಲ್ಕು ಬಿಂದುಗಳು ಇರಲೇಬೇಕು ಅಂತಿಲ್ಲ. ಹಾಗಾಗಿ ಮೂರು ಕಾಲಿನದು ತೂಗಾಡೋಕೆ ಸಾಧ್ಯವೇ ಇಲ್ಲ.

ಆದರೂ ವೆಲ್ಡಿಂಗ್ ಅಂಗಡಿಗೆ ಹೋಗಿ ಮೂರು ಕಾಲು ಅಂದರೆ ಒಪ್ಪಲ್ಲ. "ನಾಲ್ಕು ಕಾಲಿದ್ರೇನೆ ಸ್ಟ್ರಾಂಗು ಸಾರ್" ಅಂತಾರೆ. ನನಗೂ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ಇದೇ ವಾದ ಆಯ್ತು. ಅವರ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. ಮೂರು ಕಾಲಿನದು ತೂಗಾಡಲ್ಲ, ಆದರೆ ಉರುಳೋದು ಸುಲಭ. ಕಾಲುಗಳು ನಡುವಿನಿಂದ 12 ಇಂಚು ದೂರ ಇವೆ ಅಂತಿಟ್ಟುಕೊಳ್ಳಿ. ನಾಲ್ಕು ಕಾಲಿದ್ದರೆ ಎರಡು ಕಾಲುಗಳನ್ನು ಸೇರಿಸುವ ಗೆರೆ ನಡುವಿನಿಂದ ಸುಮಾರು 8.5 ಇಂಚು ದೂರ ಇರುತ್ತೆ. ಮೂರು ಕಾಲಿದ್ದರೆ ಅದೇ ಗೆರೆ ಬರೀ 6 ಇಂಚು ದೂರ. ಏಟು ಆ ಗೆರೆಯಿಂದ ಆಚೆಗೆ ಬಿತ್ತು ಅಂದರೆ ಸ್ಟ್ಯಾಂಡು ಮೇಲೇಳುತ್ತೆ.

ಇದಕ್ಕೆ ಪರಿಹಾರ ನಾಲ್ಕನೇ ಕಾಲಲ್ಲ, ಮೂರನ್ನೂ ಅಗಲಿಸೋದು. ನೆಟ್ಟಗಿನ ಮೂರು ಕಾಲು ಅಪಾಯ. ಹೊರಕ್ಕೆ ಚಾಚಿದ ಮೂರು ಕಾಲು, ಎತ್ತರದ ಪ್ರತಿ ಅಡಿಗೆ ಸುಮಾರು ಮೂರೂವರೆ ಇಂಚು ಹೊರಕ್ಕೆ, ಆಗ ಭದ್ರ. ಇನ್ನೊಂದು ಅನುಕೂಲ ಇದೆ. ಎರಡು ಕಾಲಿನ ನಡುವೆ ಅಗಲ ಜಾಗ ಸಿಗುತ್ತೆ. ನಿಂತು ಹೊಡೆಯೋರ ಪಾದ ಅಲ್ಲಿ ಆರಾಮಾಗಿ ಒಳಗೆ ಹೋಗುತ್ತೆ, ಎಡವಲ್ಲ.

ನಾಲ್ಕು ಕಾಲಿಗೆ ತಿರುಗಿಸುವ ಬೋಲ್ಟ್ ಪಾದ ಹಾಕಿಸಿ ಅನ್ನೋರೂ ಇದ್ದಾರೆ. ಹಿಟ್ಟಿನ ಗಿರಣಿಗೆ, ಹೊಲಿಗೆ ಯಂತ್ರಕ್ಕೆ ಅದು ಸರಿ. ಅಡಿಗಲ್ಲಿಗೆ ಅಲ್ಲ. ಸುತ್ತಿಗೆಯ ಅದುರಿಗೆ ನಟ್ಟು ಸಡಿಲ ಆಗುತ್ತೆ, ಕೆಸರಲ್ಲಿ ಮರೆಗೆ ಮಣ್ಣು ಕಚ್ಚುತ್ತೆ, ಒಂದು ಮಳೆಗಾಲ ಹೊರಗಿದ್ದರೆ ತುಕ್ಕು ಹಿಡಿದು ತಿರುಗೋದೇ ಇಲ್ಲ. ಜಾಗ ಬದಲಿಸಿದಾಗೆಲ್ಲ ಕೂತು ನಾಲ್ಕು ಬೋಲ್ಟ್ ತಿರುಗಿಸೋ ತಾಳ್ಮೆ ಇರೋ ರೈತರನ್ನ ನಾನು ಕಂಡಿಲ್ಲ.

ಮೂರು ಬಗೆಯ ಸ್ಟ್ಯಾಂಡು

ಮೊದಲನೆಯದು ಕೊರಡು. ಖರ್ಚಿಲ್ಲದ ದಾರಿ. ಹುಣಸೆ ಅಥವಾ ಜಾಲಿ ಮರದ ತುಂಡು, 14-15 ಇಂಚು ದಪ್ಪ ಇರಲಿ. ಹುಣಸೆ ಕೊರಡು ಏಟು ತಡೆಯುತ್ತೆ ಅಂತಲೇ ಮಾಂಸದಂಗಡಿಯವರೂ ಅದನ್ನೇ ಇಟ್ಟುಕೊಳ್ತಾರೆ. ಗಿಡ ನಿಂತಂತೆಯೇ ತುಂಡನ್ನೂ ನಿಲ್ಲಿಸಬೇಕು, ಮಲಗಿಸಬಾರದು. ಗುಟ್ಟು ಇರೋದು ತಳದಲ್ಲಿ. ತುಂಡನ್ನು ತಲೆಕೆಳಗು ಮಾಡಿ, ಅಂಚಿನಲ್ಲಿ ಸಮ ಅಂತರಕ್ಕೆ ಮೂರು ಕಡೆ ಮೂರು ಇಂಚು ಅಗಲದ ಗುರುತು ಹಾಕಿ. ಆ ಮೂರು ಜಾಗ ಬಿಟ್ಟು ಉಳಿದ ತಳವನ್ನೆಲ್ಲ ಉಳಿಯಿಂದ ಮುಕ್ಕಾಲು ಇಂಚು ಕೆತ್ತಿ ತೆಗೆಯಿರಿ. ಅಲ್ಲಿಗೆ ಕೊರಡಿಗೆ ಮೂರು ಪಾದ ಬಂತು. ಚಪ್ಪಡಿ ಮೇಲೂ ಕೂರುತ್ತೆ, ಒಡೆದ ಸಿಮೆಂಟಿನ ಮೇಲೂ ಕೂರುತ್ತೆ. ಮೇಲ್ತುದಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದರೆ ಸೀಳು ಬಿಡಲ್ಲ.

ಕೂತು ಕೆಲಸ ಮಾಡೋರಿಗೆ ಒಂಬತ್ತು ಇಂಚು ಎತ್ತರದ ಕೊರಡು ಸಾಕು, ತೂಕ 20-25 ಕೆಜಿ ಬರಬಹುದು. ನಿಂತು ಮಾಡೋಕೆ ಎರಡಡಿ ಬೇಕು, ಆಗ ತೂಕ 50 ಕೆಜಿ ದಾಟುತ್ತೆ. ಹೊತ್ತೊಯ್ಯೋಕಾಗಲ್ಲ, ಉರುಳಿಸಿಕೊಂಡು ಹೋಗಬೇಕು.

ಎರಡನೆಯದು ಮರಳಿನ ಪೆಟ್ಟಿಗೆ. ದಪ್ಪ ಹಲಗೆಯದೋ ತಗಡಿನದೋ, ಒಂದಡಿ ಎರಡಿಂಚು ಚೌಕದ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ. ತಳಕ್ಕೆ ಮೂರು ಮರದ ತುಂಡು ಮೊಳೆ ಹೊಡೆಯಿರಿ, ಅದಕ್ಕೂ ಮೂರೇ ಪಾದ. ಕೆಲಸದ ಜಾಗಕ್ಕೆ ಖಾಲಿ ಪೆಟ್ಟಿಗೆ ಒಯ್ದು, ಅಲ್ಲೇ ಒಣ ಮರಳು ಅಥವಾ ಎಂ-ಸ್ಯಾಂಡ್ ಏಳೆಂಟು ಬಾಂಡ್ಲಿ ಸುರಿಯಿರಿ. ಮೇಲೆ ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದಾದ ಹಲಗೆ, ಅದರ ಮೇಲೆ ಅಡಿಗಲ್ಲು. ನೆಲ ಓರೆ ಇದ್ದರೆ ಮರಳನ್ನು ಒಂದು ಕಡೆ ಏರಿಸಿ ಅಡಿಗಲ್ಲನ್ನು ಮಟ್ಟ ಮಾಡಬಹುದು. ಈ ಅನುಕೂಲ ಬೇರೆ ಎರಡರಲ್ಲಿ ಇಲ್ಲ. ಮರಳು ಸದ್ದನ್ನೂ ನುಂಗುತ್ತೆ, ಪಕ್ಕದಲ್ಲಿ ಕಟ್ಟಿದ ಹಸು ಬೆಚ್ಚಲ್ಲ. ಕೆಲಸ ಮುಗಿದ ಮೇಲೆ ಮರಳು ಅಲ್ಲೇ ಸುರಿದು ಪೆಟ್ಟಿಗೆ ಎತ್ತಿಕೊಂಡು ಬನ್ನಿ. ಎರಡು ದಿನಕ್ಕಿಂತ ಹೆಚ್ಚು ಒಂದೇ ಜಾಗದಲ್ಲಿ ಕೆಲಸ ಇದ್ದರೆ ನನ್ನ ಮತ ಇದಕ್ಕೇ.

ಮೂರನೆಯದು ಪೈಪಿನ ಮುಕ್ಕಾಲಿ. ದಿನಾ ಜಾಗ ಬದಲಿಸೋರಿಗೆ ಇದು. ನಮ್ಮಲ್ಲಿ ಬತ್ತಿದ ಬೋರ್‌ವೆಲ್‌ಗೆ ಬರ ಇಲ್ಲ, ಮೇಲೆತ್ತಿದ ಎರಡಿಂಚಿನ ಜಿಐ ಪೈಪ್ ಹಿತ್ತಲಲ್ಲಿ ಬಿದ್ದಿರುತ್ತೆ. ಅದರಲ್ಲಿ ಎರಡಡಿ ಎತ್ತರ ಬರುವಂತೆ ಮೂರು ಕಾಲು. ಮೇಲೆ 10 ಇಂಚು ಚೌಕದ, 12 ಎಂಎಂ ದಪ್ಪದ ಪ್ಲೇಟು. ಕೆಳಗೆ ಕಾಲಿನಿಂದ ಕಾಲಿಗೆ 21 ಇಂಚು ಇರಲಿ. ಹಾಗೆ ಇಟ್ಟರೆ ಪ್ರತಿ ಕಾಲೂ ನಡುವಿನಿಂದ 12 ಇಂಚು ದೂರ ಬರುತ್ತೆ, ಮೇಲೆ ಹೇಳಿದ ಮೂರೂವರೆ ಇಂಚಿನ ಚಾಚು ಸರಿಹೋಗುತ್ತೆ. ಅರ್ಧ ಎತ್ತರದಲ್ಲಿ ಮೂರು ಕಾಲನ್ನೂ ಸುತ್ತ ಸರಳಿನಿಂದ ಕಟ್ಟಿ. ಪಾದಕ್ಕೆ 4 ಇಂಚು ಚೌಕದ 8 ಎಂಎಂ ಪ್ಲೇಟು ಹಾಕಿಸಿದರೆ ಮೆತ್ತನೆ ಮಣ್ಣಲ್ಲೂ ಇಳಿಯಲ್ಲ. ಚಪ್ಪಡಿ ಮೇಲೆ ಜಾರದಿರಲಿ ಅಂತ ಪಾದದಡಿ ಹಳೇ ಟೈರಿನ ತೆಳು ತುಂಡು ಸಾಕು. ದಪ್ಪ ರಬ್ಬರ್ ಬೇಡ, ಏಟನ್ನೆಲ್ಲ ಅದೇ ತಿಂದು ಅಡಿಗಲ್ಲು ಪುಟಿಯುತ್ತೆ.

ಕಾಲಿನೊಳಗೆ ಒಣ ಮರಳು ತುಂಬಿಸಿದರೆ ಐದಾರು ಕೆಜಿ ತೂಕ ಬರುತ್ತೆ, ಗಣಗಣ ಸದ್ದೂ ನಿಲ್ಲುತ್ತೆ. ಇಲ್ಲಿ ಎರಡು ಎಚ್ಚರಿಕೆ. ಜಿಐ ಪೈಪಿಗೆ ಸತುವಿನ ಲೇಪ ಇರುತ್ತೆ, ವೆಲ್ಡ್ ಮಾಡುವಾಗ ಅದರ ಬಿಳಿ ಹೊಗೆ ಕುಡಿದರೆ ಜ್ವರ, ಚಳಿ ಬರುತ್ತೆ. ಕೂಡಿಸುವ ಜಾಗದಲ್ಲಿ ಲೇಪ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿಸಿ. ಇನ್ನೊಂದು, ಮರಳು ತುಂಬಿ ಎರಡೂ ಕಡೆ ಮುಚ್ಚಿ ವೆಲ್ಡ್ ಮಾಡಿಸಬೇಡಿ. ಮರಳಲ್ಲಿ ಪಸೆ ಇದ್ದರೆ ಕಾವಿಗೆ ಹಬೆಯಾಗಿ ಸಿಡಿಯಬಹುದು. ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ತೂತಿನಿಂದ ಮರಳು ತುಂಬಿ ಮರದ ಬಿರಡೆ ಜಡಿದರೆ ಆಯ್ತು.

ಮುಕ್ಕಾಲಿಯ ತೂಕ ಮರಳು ಸೇರಿ 25 ಕೆಜಿ ಆಸುಪಾಸು. ಅಡಿಗಲ್ಲು ಬೇರೆ, ಮುಕ್ಕಾಲಿ ಬೇರೆ ಬಿಚ್ಚುವಂತಿರಬೇಕು. ಎರಡನ್ನೂ ಒಟ್ಟಿಗೆ ಎತ್ತೋಕೆ ಹೋದರೆ ಕಬ್ಬಿಣ ನೇರ ಆಗೋಕೆ ಮುಂಚೆ ಸೊಂಟ ಡೊಂಕಾಗುತ್ತೆ.

ಎತ್ತರ ಮತ್ತು ಅಡಿಗಲ್ಲು

ಎತ್ತರದ ಲೆಕ್ಕ ಸುಲಭ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳ ಗಿಣ್ಣು ಎಲ್ಲಿಗೆ ಬರುತ್ತೋ ಅಲ್ಲಿಗೆ ಅಡಿಗಲ್ಲಿನ ಮುಖ ಇರಬೇಕು. ಅದರಲ್ಲಿ ಅಡಿಗಲ್ಲಿನ ಎತ್ತರ ಕಳೆದರೆ ಸ್ಟ್ಯಾಂಡಿನ ಎತ್ತರ. ಯಾರು ಹೆಚ್ಚು ಹೊಡೀತಾರೋ ಅವರ ಅಳತೆಗೆ ಮಾಡಿಸಿ. ಅಳತೆ ಕಮ್ಮಾರರದ್ದಾಗಿರಲಿ, ಮನೆ ಯಜಮಾನರದ್ದಲ್ಲ.

ಅಡಿಗಲ್ಲಿಗೆ ರೈಲು ಹಳಿ ತುಂಡು ಬಳಸೋದು ನಮ್ಮಲ್ಲಿ ರೂಢಿ. ಭಾರತೀಯ ರೈಲ್ವೆಯ 52 ಕೆಜಿ ಹಳಿ ಅಂದರೆ ಮೀಟರಿಗೆ 52 ಕೆಜಿ ತೂಗುತ್ತೆ, ಒಂದಡಿ ತುಂಡಿಗೆ ಸುಮಾರು 16 ಕೆಜಿ. ಎತ್ತರ 156 ಎಂಎಂ, ಆರಿಂಚಿಗಿಂತ ತುಸು ಹೆಚ್ಚು. ಈ ಅಳತೆಯ ತುಂಡು ಮೇಲಿನ ಮುಕ್ಕಾಲಿಗೆ ಸರಿಯಾಗಿ ಹೊಂದುತ್ತೆ. ಆದರೆ ಗುಜರಿಯಲ್ಲಿ ಸಿಕ್ಕಿತು ಅಂತ ಬಿಲ್ಲಿಲ್ಲದೆ ತರಬೇಡಿ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳೋದರ ವಿರುದ್ಧ 1966ರ ಕಾನೂನೇ ಇದೆ. 16 ಕೆಜಿ ಕಬ್ಬಿಣಕ್ಕೆ ಕೋರ್ಟು ಅಲೆಯೋದು ಬೇಡ. ಬಿಲ್ಲಿರುವ ಹಳಿ ಸಿಗಲಿಲ್ಲವೇ, ಹಳೇ ಯಂತ್ರದ ದಪ್ಪ ಶಾಫ್ಟಿನ ತುಂಡನ್ನು ನಿಲ್ಲಿಸಿ ಬಳಸಿ. ನಿಲ್ಲಿಸಿದಾಗ ತೂಕವೆಲ್ಲ ಏಟಿನ ನೇರ ಕೆಳಗೇ ಇರುತ್ತೆ, ಚಿಕ್ಕ ತುಂಡೂ ದೊಡ್ಡ ಕೆಲಸ ಮಾಡುತ್ತೆ.

ಹಳಿಯನ್ನು ಪ್ಲೇಟಿಗೆ ವೆಲ್ಡ್ ಮಾಡಿಸಬೇಡಿ. ಹಳಿಯ ಉಕ್ಕಲ್ಲಿ ಇಂಗಾಲ ಹೆಚ್ಚು, ಮೊದಲೇ ಕಾಯಿಸದೆ ವೆಲ್ಡ್ ಹೊಡೆದರೆ ಅಂಚಲ್ಲಿ ಬಿರುಕು ಬಿಡುತ್ತೆ. ಹಳಿಯ ಬುಡದ ಎರಡು ರೆಕ್ಕೆಗಳ ಮೇಲೆ ಪಟ್ಟಿ ಇಟ್ಟು 12 ಎಂಎಂ ಬೋಲ್ಟ್ ಬಿಗಿಯಿರಿ, ಒಂದು ಸ್ಪ್ಯಾನರಲ್ಲಿ ಬಿಚ್ಚಬಹುದು. ಹಳಿಗೂ ಪ್ಲೇಟಿಗೂ ನಡುವೆ ಸೈಕಲ್ ಟ್ಯೂಬಿನ ಒಂದು ಪದರ ಸಾಕು.

ಕೂರಿಸುವ ಕ್ರಮ

ಒಳ್ಳೇ ಸ್ಟ್ಯಾಂಡನ್ನೂ ಹೇಗೆಂದರೆ ಹಾಗೆ ಇಟ್ಟರೆ ಕೆಡುತ್ತೆ. ಇಳಿಜಾರು ನೆಲದಲ್ಲಿ ಒಂದು ಕಾಲು ನೇರವಾಗಿ ಇಳಿಜಾರಿನ ಕಡೆಗೆ ಬರಲಿ, ಎರಡು ಕಾಲು ಮೇಲ್ಗಡೆ ಇರಲಿ. ಸಾಮಾನ್ಯವಾಗಿ ಜನ ಇದಕ್ಕೆ ತದ್ವಿರುದ್ಧ ಮಾಡ್ತಾರೆ. ಭಾರ ಇಳಿಜಾರಿನ ಕಡೆ ವಾಲುತ್ತೆ. ಆ ಕಡೆ ಕಾಲು ಇದ್ದರೆ 12 ಇಂಚಿನ ಅವಕಾಶ, ಎರಡು ಕಾಲಿನ ನಡುವಿನ ಖಾಲಿ ಜಾಗ ಇದ್ದರೆ 6 ಇಂಚಿನ ಅವಕಾಶ. ಬರೀ ತಿರುಗಿಸಿ ಇಟ್ಟದ್ದಕ್ಕೆ ಎರಡು ಪಟ್ಟು ಭದ್ರತೆ! ಸರ್ವೆಯವರ ಹಾಗೆ ಕಾಲು ಉದ್ದ-ಗಿಡ್ಡ ಮಾಡುವಂತಿದ್ದರೆ ಲೆಕ್ಕ ಬೇರೆ. ನಮ್ಮದು ಒಂದೇ ಅಳತೆಯ ಕಾಲು.

ಅಡಿಗಲ್ಲಿಗೆ ಕೊಂಬು ಇದ್ದರೆ ಕೊಂಬಿನ ಕಡೆ ಒಂದು ಕಾಲು ಬರುವಂತೆ ಕೂರಿಸಿ. ಜೋರು ಏಟು ಯಾವತ್ತೂ ನಡುವಿಗೇ ಬೀಳಲಿ, ತುದಿಗಳಲ್ಲಿ ಹಗುರ ಕೆಲಸ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಸುಣ್ಣದ ಕಡ್ಡಿಯಿಂದ ಮೂರು ಪಾದದ ಸುತ್ತಲೂ ಗೆರೆ ಎಳೆಯಿರಿ. 50 ಏಟು ಹೊಡೆದು ನೋಡಿ. ಪಾದ ಗೆರೆ ದಾಟದಿದ್ದರೆ ಸರಿ. ದಾಟಿದ್ದರೆ ಪಾದದಡಿ ಮಣ್ಣು, ಹರಳು ಇದೆಯೇ ನೋಡಿ, ಗುಡಿಸಿ, ಮತ್ತೆ ಇಡಿ. ಐದು ನಿಮಿಷದ ಕೆಲಸ ಇದು. ಹುಲ್ಲಿನ ಬಣವೆಯಿಂದ ದೂರ ಇಡಬೇಕು, ಕಣ್ಣಿಗೆ ಕನ್ನಡಕ ಹಾಕಬೇಕು, ಹಿಡಿ ಸಡಿಲಾದ ಸುತ್ತಿಗೆ ಮುಟ್ಟಬಾರದು ಅನ್ನೋದನ್ನ ಬೇರೆ ಹೇಳಬೇಕಿಲ್ಲ.

ಯಾರು ಮಾಡಿಸಬೇಕು?

ಒಂಟಿ ರೈತನಿಗೆ ವರ್ಷದಲ್ಲಿ ನಾಲ್ಕೈದು ದಿನ ಬೇಕಾಗೋ ಸಾಮಾನಿಗೆ ದುಡ್ಡು ಹಾಕಿ ಅಂತ ನಾನು ಹೇಳಲ್ಲ. ನಾಲ್ಕಾರು ಮನೆ ಸೇರಿ ಮಾಡಿಸಿ. ಮುಂಗಾರಿಗೆ ಮುಂಚೆ ಒಂದು ದಿನ, ಕೊಯ್ಲಿಗೆ ಮುಂಚೆ ಒಂದು ದಿನ ಕಮ್ಮಾರರನ್ನು ಕರೆಸಿ. ಎಲ್ಲರ ಸಾಮಾನೂ ಒಂದೇ ದಿನ ಆದರೆ ಅವರಿಗೂ ಕೂಲಿ ಗಿಟ್ಟುತ್ತೆ. ಅವತ್ತು ಮನೆಯ ಒಬ್ಬ ಹುಡುಗ ಅವರ ಪಕ್ಕ ನಿಂತು ನೋಡಲಿ, ಸಾಧ್ಯವಾದರೆ ಸುತ್ತಿಗೆ ಹಿಡಿಯಲಿ.

ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಕೊಡ್ತಿವೆ. ಒಳ್ಳೇ ಕೆಲಸ. ಆದರೆ ದೊಡ್ಡ ಯಂತ್ರ ಇಟ್ಟುಕೊಂಡವರು ಒಂದು ಮುಕ್ಕಾಲಿ ಅಡಿಗಲ್ಲು, ಒಂದು ಕೈ ತಿರುಗಿಸುವ ಬ್ಲೋವರ್ ಇಟ್ಟುಕೊಂಡರೆ ಏನು ಕಷ್ಟ? ಬಾಡಿಗೆಗೆ ಹೋದ ಕಲ್ಟಿವೇಟರಿನ ಹಲ್ಲು ಬಾಗಿ ಬಂದಾಗ ಅವರಿಗೇ ಮೊದಲು ಬೇಕಾಗೋದು ಅದು.

ಕಮ್ಮಾರರ ಕಡೆಯಿಂದಲೂ ಒಂದು ದಾರಿ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಅದರಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗೆ ಅಂತ 15,000 ರೂಪಾಯಿವರೆಗೆ ಇ-ವೋಚರ್, ಶೇ. 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಆಧಾರವಿಲ್ಲದ ಸಾಲ. ಸಲಕರಣೆ ಅಂದ ಕೂಡಲೇ ಗ್ರೈಂಡರ್, ಡ್ರಿಲ್ಲು ನೆನಪಾಗುತ್ತೆ. ಕರೆಂಟು ಇಲ್ಲದ ಹೊಲದ ಬದಿಯಲ್ಲಿ ಅವೆರಡೂ ನಿದ್ದೆ ಹೊಡೆಯುತ್ತವೆ. ನಿಮ್ಮೂರಿನ ಕಮ್ಮಾರರು ಅರ್ಜಿ ಹಾಕಿಲ್ಲ ಅಂದರೆ ಹತ್ತಿರದ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಾಕಿಸಿ. ಹೋಗುವಾಗ ದಾರಿಯಲ್ಲಿ ಅವರ ಮುಷ್ಟಿಯ ಎತ್ತರವನ್ನೂ ಅಳೆದುಕೊಳ್ಳಿ.

ಬೋರ್‌ವೆಲ್ ಪೈಪ್ ಹಿತ್ತಲಲ್ಲಿದೆ, ವೆಲ್ಡಿಂಗ್ ಅಂಗಡಿ ಸರ್ಕಲ್ಲಿನಲ್ಲಿದೆ. ಅಂಗಡಿಯವರು ನಾಲ್ಕು ಕಾಲು ಅಂತ ಹಟ ಹಿಡಿದರೆ ಅವರ ಮುಂದೆಯೇ ಮೂರು ಕಲ್ಲು ಇಟ್ಟು ಒಂದು ಬಾಂಡ್ಲಿ ಕೂರಿಸಿ ತೋರಿಸಿ. ಈ ಸಲದ ಕೊಯ್ಲಿಗೆ ಮುಂಚೆ ಮಾಡಿಸಿಬಿಡಿ.